ಪರ್ಮಿಷನ್ ಡಿನೈಡ್ ಬಂದ್ರೆ 777 ಹೊಡೆದುಬಿಡೋದಾ?

ಭಾನುವಾರ ಬೆಳಗ್ಗೆ ಗುಬ್ಬಿಯಿಂದ ತುಮಕೂರಿಗೆ ಬೈಕಲ್ಲಿ ಬಂದು ಆಫೀಸ್ ಬೀಗ ತೆಗ್ದು ಲಿನಕ್ಸ್ ಸರ್ವರ್‌ಗೆ ಮಾನಿಟರ್ ಚುಚ್ಚಿ ಕೂತಿದೀನಿ. ಮನೇಲಿ ಅಡಿಕೆ ಸುಲಿಯೋ ಕೆಲ್ಸ, ಅಪ್ಪ ಒಬ್ರೇ ಆಳುಗಳ ಜೊತೆ ಒದ್ದಾಡ್ತಿದಾರೆ. ಯಾಕೆ? ನಮ್ಮಲ್ಲೇ ಒಬ್ರು ನಿನ್ನೆ ರಾತ್ರಿ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸೋದು) ಹಾಕಿ, ಎಲ್ರ ಫೋಲ್ಡರ್‌ಗಳೂ ಇರೋ ಹೋಮ್ ಫೋಲ್ಡರ್ ಪೂರ್ತಿಗೆ ಸಿಎಚ್‌ಮಾಡ್ ಮೈನಸ್ ಆರ್ 777 ಹೊಡೆದಿದಾರೆ, ಅಂದ್ರೆ ಒಳಗಿರೋದೆಲ್ಲಾನೂ ಯಾರು ಬೇಕಾದ್ರೂ ಓದೋ, ಬರೆಯೋ, ಓಡಿಸೋ ಹಾಗೆ ಪರ್ಮಿಷನ್ ಬದಲಾಯ್ಸಿದಾರೆ!

ಆರು ಜನಕ್ಕೆ ಆರು ಅಕೌಂಟು. ಎಲ್ರಿಗೂ ಒಂದೇ ಅಲಿಯಾಸು (ಕಮಾಂಡ್‌ಗಳ ಅಡ್ಡಹೆಸರು), ಒಂದೇ ವಿಮ್ ಎಡಿಟರ್ ಸೆಟ್ಟಿಂಗ್ ಇರ್ಲಿ ಅಂತ ಎರಡು ದಿನ ಕೂತು ಒಂದು ಕಾಮನ್ ಫೋಲ್ಡರ್ ಮಾಡಿದ್ದೆ, ಅದಕ್ಕೊಂದು ಗ್ರೂಪ್, ಪರ್ಮಿಷನ್ 2775 (ಓನರ್‌ಗೂ ಗ್ರೂಪಿಗೂ ಬರೆಯೋ ಹಕ್ಕು, ಉಳಿದೋರಿಗೆ ನೋಡೋಕೆ ಮಾತ್ರ), ಆ ಮುಂದಿನ 2 ಇರೋದ್ರಿಂದ ಒಳಗೆ ಯಾರು ಹೊಸ ಫೈಲ್ ಮಾಡಿದ್ರೂ ನಮ್ಮ ಗ್ರೂಪಿಗೇ ಸೇರತ್ತೆ, ಎಲ್ರ ಯುಮಾಸ್ಕ್ (ಹೊಸ ಫೈಲಿಗೆ ಯಾವ ಹಕ್ಕು ಕೊಡಬಾರದು ಅನ್ನೋ ಸೆಟ್ಟಿಂಗ್) 002, ಅಂದ್ರೆ ಗ್ರೂಪಿಗೆ ಬರೆಯೋ ಹಕ್ಕು ಉಳಿಯತ್ತೆ, ಅವರವರ ಬ್ಯಾಶ್‌ಆರ್‌ಸೀಲಿ (ಟರ್ಮಿನಲ್ ತೆಗೆದಾಗ ಓದೋ ಸೆಟ್ಟಿಂಗ್ ಫೈಲಲ್ಲಿ) ಆ ಕಾಮನ್ ಸೆಟ್ಟಿಂಗ್ ಎಳ್ಕೊಳ್ಳೋ ಒಂದೇ ಒಂದು ಲೈನು. ಅಷ್ಟೇ ಕಣ್ರೀ. ಸುಡೋ ಮುಟ್ಟಬೇಡಿ ಅಂತ ಮೂರು ಸಲ ಹೇಳಿದ್ದೆ.

ಮುಟ್ಟಿದ್ರು. ಸುಡೋದಲ್ಲಿ ಹೊಸ ಫೈಲ್ ಮಾಡಿದ್ರು, ರೂಟ್‌ನ (ಅಡ್ಮಿನ್ ಅಕೌಂಟಿನ) ಯುಮಾಸ್ಕ್ 022, ಹಾಗಾಗಿ ಅದು 644 ಆಗಿ ಕೂತ್ಕೊಂತು, ಗ್ರೂಪ್‌ನೋರಿಗೆ ಓದೋಕೆ ಮಾತ್ರ. ಮುಂದಿನೋರು ತಿದ್ದೋಕೆ ಹೋದ್ರೆ ಪರ್ಮಿಷನ್ ಡಿನೈಡ್. ಎಲ್‌ಎಸ್ ಮೈನಸ್ ಎಲ್ (ಫೈಲಿನ ಓನರ್, ಪರ್ಮಿಷನ್ ತೋರ್ಸೋ ಕಮಾಂಡ್) ಹೊಡೆದಿದ್ರೆ ಓನರ್ ರೂಟ್ ಅಂತ ಕಣ್ಣಿಗೇ ಹೊಡೀತಿತ್ತು, ಆ ಒಂದು ಫೈಲಿಗೆ ಗ್ರೂಪ್ ರೈಟ್ ಕೊಟ್ಟಿದ್ರೆ ಮುಗೀತಿತ್ತು. ಅದು ಬಿಟ್ಟು ಇಡೀ ಹೋಮಿಗೇ 777!

ಹೋಮ್ ಫೋಲ್ಡರ್‌ಗೆ ಬೇರೆಯೋರು ಬರೆಯೋ ಹಾಗಿದ್ರೆ, ದೂರದಿಂದ ಲಾಗಿನ್ ಆಗೋಕೆ ಇರೋ ಎಸ್‌ಎಸ್‌ಎಚ್ ನಿಮ್ಮ ಕೀ (ಪಾಸ್‌ವರ್ಡ್ ಬದಲಿಗೆ ಬಳಸೋ ಫೈಲು) ಒಪ್ಪೋದೇ ಇಲ್ಲ. ಸುಮ್ನೆ ಹಟ ಅಲ್ಲ, ಯಾರು ಬೇಕಾದ್ರೂ ತಮ್ಮ ಕೀ ತಂದು ತುರುಕಿ ನಿಮ್ಮ ಹೆಸರಲ್ಲಿ ಒಳಗೆ ಬರಬಹುದು ಅಂತ. ಪಾಸ್‌ವರ್ಡ್ ಲಾಗಿನ್ ನಾನೇ ಆಫ್ ಮಾಡಿದ್ದೆ, ಹಾಗಾಗಿ ಆರೂ ಜನ ಹೊರಗೆ. "ಅಣ್ಣಾ, ಒಳಗೇ ಬಿಡ್ತಿಲ್ಲ ಕಣಣ್ಣ" ಅಂತ ರಾತ್ರಿ ಹನ್ನೊಂದಕ್ಕೆ ಫೋನು.

ಇದಕ್ಕೆ ಅಂಡೂನೂ ಇಲ್ಲ, ಹಳೇ ಪರ್ಮಿಷನ್ ಏನಿತ್ತು ಅಂತ ಸಿಎಚ್‌ಮಾಡ್ ನೆನಪಿಟ್ಕೊಳ್ಳಲ್ಲ. ಒಬ್ಬೊಬ್ಬರ ಹೋಮ್ 700, ಡಾಟ್ ಎಸ್‌ಎಸ್‌ಎಚ್ ಫೋಲ್ಡರ್ 700, ಕೀ ಫೈಲ್ 600 (ಎಲ್ಲಾ ಓನರ್‌ಗೆ ಮಾತ್ರ) ಅಂತ ಕೈಯಾರೆ ಮಾಡ್ತಾ ಕೂತಿದೀನಿ, ಇನ್ನೂ ಮೂರು ಅಕೌಂಟ್ ಬಾಕಿ. ಸ್ಕ್ರಿಪ್ಟ್‌ಗಳು ಯಾವ್ಯಾವುದು ಕೆಟ್ಟಿದ್ಯೋ ಸೋಮವಾರ ಗೊತ್ತಾಗತ್ತೆ.

ನಾನಲ್ಲ ನಾನಲ್ಲ ಅಂತಿದೀರಲ್ಲ ಎಲ್ರೂ, ಆ ಕಮಾಂಡ್ ಯಾರ ಅಕೌಂಟಿಂದ ಎಷ್ಟು ಗಂಟೆಗೆ ಓಡಿದೆ ಅಂತ ಆಥ್ ಲಾಗಲ್ಲಿ (ಲಾಗಿನ್, ಸುಡೋ ದಾಖಲೆ ಫೈಲಲ್ಲಿ) ಇದೆ, ನೋಡಿದೀನಿ. ಹೆಸರು ಇಲ್ಲಿ ಹಾಕಲ್ಲ. ನಾಳೆ ನೀವೇ ಬಂದು ಹೇಳಿ.