ಓದಲು ಬಿಡಿ, ಪರೀಕ್ಷೆ ಬೇಡ

ಮಕ್ಕಳಿಗೆ ಓದು ಕಲಿಸುವ ಬಗ್ಗೆ ಒಂದು ಲೇಖನ ಓದಿದೆ. ಮಗು ಕಥೆ ಓದಿ ಮುಗಿಸಿದ ಕೂಡಲೇ ಐದು ಪ್ರಶ್ನೆ ಕೇಳಿ ಅನ್ನುವ ಅದರ ಲೇಖಕರ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ. ನಾವು ಮುಂಬೈ ಹತ್ತಿರದ ಡೊಂಬಿವಲಿಯವರು. ಮಗಳಿಗೆ ಮನೆಯ ಕನ್ನಡ ಸಲೀಸು, ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ದೇವನಾಗರಿ. ಭಾನುವಾರದ ಕನ್ನಡ ಕ್ಲಾಸಿಗೆ ಹಾಕಿದೆವು. ಅಲ್ಲೂ ಇದೇ ಪ್ರಶ್ನೋತ್ತರ, ಮೇಲೆ ಕಾಪಿ ಬರವಣಿಗೆ. ಮೂರೇ ತಿಂಗಳಲ್ಲಿ ಪುಸ್ತಕ ಕಂಡರೆ ಹೊಟ್ಟೆನೋವು!

ಕ್ಲಾಸು ಬಿಡಿಸಿ, ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ಜಾಲತಾಣ ತೋರಿಸಿದೆ. ಪುಕ್ಕಟೆ. ಅವಳೇ ಕಥೆ ಆರಿಸುತ್ತಾಳೆ, ಬೇಜಾರಾದರೆ ಅರ್ಧಕ್ಕೇ ಬಿಡುತ್ತಾಳೆ. ಒತ್ತಕ್ಷರ ಬಂದರೆ ತಡವರಿಕೆ. ‘ಅಜ್ಜಿ’ಯನ್ನು ‘ಅಜಿ’ ಅಂತ ಓದಿ, ಮುಂದಿನ ಸಾಲಿಗೆ ಹೋಗಿ, ನಕ್ಕು ವಾಪಸ್ ಬಂದು ತಾನೇ ತಿದ್ದಿಕೊಂಡಳು. ನಾನು ಬಾಯಿ ಮುಚ್ಚಿಕೊಂಡಿದ್ದೆ (ಮೇಷ್ಟರ ಮಗ, ಸುಲಭವಲ್ಲ).

1980ರ ದಶಕದ ಆರಂಭದಲ್ಲಿ ಫಿಜಿಯ ಹಳ್ಳಿ ಶಾಲೆಗಳಲ್ಲಿ ತರಗತಿಗೆ 250ರಂತೆ ಇಂಗ್ಲಿಷ್ ಕಥೆಪುಸ್ತಕ ಕೊಟ್ಟು ನೋಡಿದ್ದರು ಸಂಶೋಧಕರಾದ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ. ಪುಸ್ತಕ ಸಿಕ್ಕ ಮಕ್ಕಳು ಬರೀ ಪಾಠ ಕೇಳಿದವರನ್ನು ಹಿಂದೆ ಹಾಕಿದರು. ಆದರೆ ಪುಸ್ತಕ ಸುಲಭವಿರಬೇಕು; ಸಾಲಿಗೊಂದು ಗೊತ್ತಿಲ್ಲದ ಪದ ಬಂದರೆ ಕಥೆಯ ಎಳೆಯೇ ತಪ್ಪುತ್ತದೆ.

ಮೊನ್ನೆ ಮಾಟುಂಗಾದ ಹೋಟೆಲಲ್ಲಿ ಗೋಡೆಗೆ ಅಂಟಿಸಿದ ಕನ್ನಡ ಚೀಟಿಯನ್ನು ಜೋರಾಗಿ ಓದಿದಳು: ‘ಇಲ್ಲಿ ಕೈ ತೊಳೆಯಬಾರದು’. ತೊಳೆಯುತ್ತಿದ್ದವನು ನಾನೇ.