ಮೀಸೆ, ಮೂಗು, ಮಾಸ್ಕು

ಹಳೇ ಹೆಂಚಿನ ಮನೆಯಲ್ಲಿ ಗೊರಕೆಗೆ ಗೋಡೆ ಅಡ್ಡ ಬರೋದಿಲ್ಲ. ಚಿಕ್ಕಮಗಳೂರು ಕಡೆ ಇಂಥ ಮನೆಯಲ್ಲಿ ಮಲಗಿದವರಿಗೆ ಗೊತ್ತು, ಎಷ್ಟೋ ಮನೆಗಳಲ್ಲಿ ಒಳಗೋಡೆ ಮಾಡಿನ ತನಕ ಹೋಗಿರುವುದೇ ಇಲ್ಲ. ಒಂದು ಕೋಣೆಯಲ್ಲಿ ಹೊಡೆದ ಗೊರಕೆ ಮೇಲಿಂದ ಮೇಲೇ ಹಾದು ಎಲ್ಲ ಕೋಣೆಗೂ ಹೋಗಿ ವಿಚಾರಿಸಿಕೊಂಡು ಬರುತ್ತದೆ. ನಮ್ಮ ಭಾವನ ಗೊರಕೆಗೆ ಮನೆಯವರೆಲ್ಲ ಒಗ್ಗಿ ಹೋಗಿದ್ದರು. ಭಯ ಆಗುತ್ತಿದ್ದದ್ದು ಅದು ಪಟ್ಟನೆ ನಿಂತಾಗ. ಅಕ್ಕ ಎದ್ದು ಕೂತು ಕಾಯುತ್ತಿದ್ದಳು. ಆಮೇಲೆ ದೊಡ್ಡದಾಗಿ ಉಸಿರೆಳೆದುಕೊಂಡು ಮತ್ತೆ ಶುರು.

ನಿದ್ದೆಯ ಪರೀಕ್ಷೆ ಆಯಿತು. ಉಸಿರು 10 ಸೆಕೆಂಡಾದರೂ ನಿಂತರೆ ಅಥವಾ ತೀರಾ ಕಡಿಮೆಯಾದರೆ ಅದನ್ನು ಒಂದು ಅಂತ ಎಣಿಸುತ್ತಾರೆ. ಗಂಟೆಗೆ ಅಂಥವು 30 ಆದರೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ, ತೀವ್ರ ಅಂತ ಲೆಕ್ಕ. ಭಾವ ಅದನ್ನು ಆರಾಮಾಗಿ ದಾಟಿದ್ದರು. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ದಾರಿ ಮುಚ್ಚಿಕೊಳ್ಳುತ್ತದೆ, ಸಿಪ್ಯಾಪ್ ಮಷಿನ್ನು ಗಾಳಿಯ ಒತ್ತಡ ಕೊಟ್ಟು ಆ ದಾರಿ ತೆರೆದಿಡುತ್ತದೆ. ಅಷ್ಟೇ ವಿಷಯ. ಆದರೆ ಆ ಗಾಳಿ ಮೂಗಿನ ತನಕ ಹೋಗಬೇಕಲ್ಲ, ಅಲ್ಲೇ ಎಲ್ಲ ರಾಮಾಯಣ.

ಅಂಗಡಿಯಲ್ಲಿ ಮೂರು ಥರ ಮಾಸ್ಕು ತೋರಿಸಿದರು. ಮೂಗಿನ ಹೊಳ್ಳೆಗೆ ಮಾತ್ರ ಒತ್ತಿ ಕೂರುವ ಪುಟಾಣಿ ಪಿಲ್ಲೋ, ಮೂಗು ಮುಚ್ಚುವ ನೇಸಲ್ ಮಾಸ್ಕು, ಮೂಗು ಬಾಯಿ ಎರಡೂ ಮುಚ್ಚುವ ಫುಲ್ ಫೇಸ್. ಭಾವನಿಗೆ ನೇಸಲ್ ಇಷ್ಟವಾಯಿತು. ಅವರ ಮೀಸೆಗೆ ಅದು ಇಷ್ಟವಾಗಲಿಲ್ಲ. ಸಿಲಿಕಾನಿನ ಅಂಚು ಚರ್ಮದ ಮೇಲೆ ಕೂರಬೇಕು, ಇಲ್ಲಿ ನಡುವೆ ದಟ್ಟ ಮೀಸೆ, ಗಾಳಿಯೆಲ್ಲ ಅದರ ಸಂದಿಯಲ್ಲಿ ಪುಸ್ ಅಂತ ಹೊರಗೆ. "ಸಾರ್, ಸ್ವಲ್ಪ ಟ್ರಿಮ್ ಮಾಡಿಸಿದ್ರೆ..." ಅಂದ ಹುಡುಗ. ಭಾವ ಅವನನ್ನು ನೋಡಿದ ರೀತಿಗೆ ಅವನು ಮುಂದಿನ ಮಾಸ್ಕು ತರಲು ಒಳಗೆ ಹೋದ.

ಪಿಲ್ಲೋ ಆಗಬಹುದಿತ್ತು, ಅದು ಮೀಸೆಯ ತಂಟೆಗೆ ಅಷ್ಟಾಗಿ ಹೋಗೋದಿಲ್ಲ. "ರೀ, ಮಳೆಗಾಲ ಬಂದ್ರೆ ನಿಮ್ಮ ಮೂಗು ಕಟ್ಟಿಯೇ ಇರುತ್ತೆ, ಬಾಯಲ್ಲಿ ತಾನೇ ಉಸಿರಾಡೋದು?" ಅಂದಳು ಅಕ್ಕ. ಮೂಗಿಗೆ ಬಿಟ್ಟ ಗಾಳಿ ಬಾಯಲ್ಲಿ ಹೊರಟು ಹೋದರೆ ಏನು ಬಂತು! ಕೊನೆಗೆ ಫುಲ್ ಫೇಸೇ ಗತಿಯಾಯಿತು. ಅದು ಮೀಸೆಯ ಆಚೆಯಿಂದಲೇ ಸುತ್ತಿಕೊಂಡು ಬರುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕುರ್ಚಿಯಲ್ಲಿ ನೆಟ್ಟಗೆ ಕೂತು ಕನ್ನಡಿ ನೋಡಿ ಮಾಸ್ಕು ಆರಿಸೋದು ಸುಮ್ನೆ ದಂಡ. ಮಲಗಿದರೆ ಕೆನ್ನೆ ಜಾರುತ್ತೆ, ಬಾಯಿ ಬಿಟ್ಟುಕೊಳ್ಳುತ್ತೆ, ಮುಖವೇ ಬೇರೆ. ನೀವು ದಿನಾ ಮಲಗುವ ಮಗ್ಗುಲಲ್ಲೇ ಮಲಗಿ, ಮಷಿನ್ ಆನ್ ಮಾಡಿಸಿ, ನಿಮಗೆ ಬರೆದುಕೊಟ್ಟ ಒತ್ತಡದಲ್ಲೇ ನೋಡಬೇಕು. ಗಾಳಿ ಕಣ್ಣಿಗೆ ಹೊಡೆದರೆ ತಕ್ಷಣ ಪಟ್ಟಿ ಬಿಗಿಯೋಣ ಅನಿಸುತ್ತೆ, ಬೇಡ. ಜಾಸ್ತಿ ಬಿಗಿದರೆ ಕುಶನ್, ಅಂದರೆ ಆ ಸಿಲಿಕಾನಿನ ಅಂಚು, ಚಪ್ಪಟೆಯಾಗಿ ಇನ್ನಷ್ಟು ಸೋರುತ್ತದೆ, ಬೆಳಿಗ್ಗೆ ಮೂಗಿನ ಮೇಲೆ ಕೆಂಪು ಗೆರೆ ಬೇರೆ. ಮಾಸ್ಕನ್ನು ಮುಖದಿಂದ ಒಂಚೂರು ಎತ್ತಿ ಹಿಡಿದರೆ ಕುಶನ್ ಗಾಳಿ ತುಂಬಿಕೊಂಡು ತಾನಾಗಿ ಕೂರುತ್ತದೆ. ಮುಂಭಾಗದ ಸಣ್ಣ ತೂತುಗಳಿಂದ ಬರುವ ಗಾಳಿ ಮಾತ್ರ ಸೋರಿಕೆ ಅಲ್ಲ, ನಾವು ಬಿಟ್ಟ ಉಸಿರು ಹೊರಗೆ ಹೋಗುವ ದಾರಿ ಅದು. ಭಾವ ಅದಕ್ಕೂ ಬೆರಳು ಅಡ್ಡ ಇಟ್ಟು ನೋಡಿ ಹುಡುಗನ ಕೈಲಿ ಬೈಸಿಕೊಂಡರು.

ಇಷ್ಟಕ್ಕೇ ಮುಖ ಸಿಂಡರಿಸುವವರು ಹಳೇ ಕಥೆ ಕೇಳಬೇಕು. ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ ಈ ಚಿಕಿತ್ಸೆಯ ಬಗ್ಗೆ 1981ರಲ್ಲಿ ಪ್ರಕಟಿಸಿದರು. ಆಗಿನ ಮಾಸ್ಕನ್ನು ಮೂಗಿಗೆ ಸಿಲಿಕಾನಿನಿಂದ ಅಂಟಿಸಿಯೇ ಬಿಡುತ್ತಿದ್ದರಂತೆ! ಆಗ ಮೀಸೆ ಇದ್ದವರು ಏನು ಮಾಡಿದರೋ.

ನಮ್ಮೂರಿನ ಚಳಿಗೆ ಇನ್ನೊಂದು ತಾಪತ್ರಯ ಇದೆ. ಮಷಿನ್ನಿನ ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರಿನ ಬೆಚ್ಚಗಿನ ಹಸಿ ಗಾಳಿ, ಮಾಸ್ಕಿಗೆ ಹೋಗುವ ತಣ್ಣನೆ ಪೈಪಿನಲ್ಲಿ ನೀರಾಗುತ್ತದೆ. ಜುಲೈ ತಿಂಗಳಲ್ಲಿ ಮಾಡಿನ ಮೇಲೂ ಮಳೆ, ಪೈಪಿನೊಳಗೂ ಮಳೆ, ಮಧ್ಯರಾತ್ರಿ ಮೂಗಿಗೇ ಒಂದು ಹನಿ. ಮಷಿನ್ನನ್ನು ಮಂಚಕ್ಕಿಂತ ಕೆಳಗಿಟ್ಟು ಪೈಪಿಗೆ ಅಕ್ಕನ ಹಳೇ ಸ್ವೆಟರಿನ ತೋಳು ತೊಡಿಸಿದ ಮೇಲೆ ಅದು ಕಡಿಮೆಯಾಗಿದೆ. ಕರೆಂಟ್ ಹೋದರೆ ಇನ್ವರ್ಟರ್ ಇದೆ.

ಈಗ ಉಳಿದಿರುವುದು ಎಣ್ಣೆ ಜಗಳ. ಎಣ್ಣೆ ಜಿಡ್ಡಿಗೆ ಸಿಲಿಕಾನ್ ಜಾರುತ್ತದೆ, ಬೇಗ ಹಾಳೂ ಆಗುತ್ತದೆ. ಮುಖ ತೊಳೆದೇ ಹಾಕಿಕೊಳ್ಳಬೇಕು, ಕುಶನ್ನನ್ನೂ ದಿನಾ ಸೋಪು ನೀರಲ್ಲಿ ತೊಳೆಯಬೇಕು. ಭಾವನಿಗೋ ಮಲಗುವ ಮುಂಚೆ ಮೀಸೆಗೆ ಕೊಬ್ಬರಿ ಎಣ್ಣೆ ಹಚ್ಚದಿದ್ದರೆ ನಿದ್ದೆ ಹತ್ತುವುದಿಲ್ಲ. ಅಕ್ಕ ಎಣ್ಣೆ ಬಾಟಲಿಯನ್ನು ಬಚ್ಚಲುಮನೆಗೆ ಸಾಗಿಸಿದ್ದಾಳೆ, ಬೆಳಿಗ್ಗೆ ಹಚ್ಚಿಕೊಳ್ಳಿ ಅಂತ.