ಕಣಜ, ಭತ್ತದ್ದಲ್ಲ

ಕನ್ನಡದಲ್ಲಿ ಕಣಜ ಎಂದರೆ ಎರಡು. ಒಂದು ಮನೆಯಲ್ಲಿದ್ದರೆ ಐಶ್ವರ್ಯ, ಇನ್ನೊಂದು ಮನೆಯಲ್ಲಿದ್ದರೆ ಓಟ. ಭತ್ತದ ಕಣಜ ಶಿರಸಿ, ಸಿದ್ದಾಪುರದ ಮನೆಗಳಿಂದ ಹೆಚ್ಚುಕಡಿಮೆ ಕಾಣೆಯಾಗಿದೆ. ರೆಕ್ಕೆಯ ಕಣಜ ಮಾತ್ರ ಹಂಚಿನ ಮಾಡಿನಿಂದ ಆರ್‌ಸಿಸಿ ಮನೆಯ ಸಜ್ಜಾಕ್ಕೆ ಬಡ್ತಿ ಪಡೆದು ಹಾಯಾಗಿದೆ. ‘ಏ ತಮಾ, ಆ ಬದಿಗೆ ಹೋಗಡ, ಕಣಜ ಇದ್ದು’ ಎಂದು ಅಂಗಳದಿಂದ ಕೂಗು ಬಂದರೆ ತಮ ಹೋಗುವುದಿಲ್ಲ. ಆದರೆ ಯಾವ ಕಣಜ ಎಂದು ಯಾರೂ ಕೇಳುವುದೂ ಇಲ್ಲ. ಸೊಂಟ ಸಣ್ಣಗಿದ್ದು ಗುಂಯ್ ಎಂದರೆ ಸಾಕು, ಎಲ್ಲವೂ ಕಣಜವೇ, ಎಲ್ಲದಕ್ಕೂ ಒಣಗರಿ ಕಟ್ಟಿದ ಸೂಡಿಯ ಬೆಂಕಿಯೇ ಮದ್ದು. ಇಷ್ಟು ದೊಡ್ಡ ಕುಟುಂಬಕ್ಕೆ ಒಂದೇ ಹೆಸರು ಇಟ್ಟದ್ದರಿಂದ ಪಾಪದವಕ್ಕೆ ಪೆಟ್ಟು ಬೀಳುತ್ತದೆ, ನಿಜಕ್ಕೂ ಹೆದರಬೇಕಾದದ್ದು ಹಿತ್ತಿಲ ಪೊದೆಯಲ್ಲಿ ನಿಶ್ಚಿಂತೆಯಿಂದ ಬೆಳೆಯುತ್ತದೆ.

ಪಾಪದವುಗಳಲ್ಲಿ ಮೊದಲನೆಯದು ಮಣ್ಣಿನ ಗೂಡಿನದು. ಗೋಡೆ ಗಡಿಯಾರದ ಹಿಂದೆ, ಪ್ಲಗ್ಗಿನ ತೂತಿನಲ್ಲಿ, ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಒದ್ದೆ ಮಣ್ಣಿನ ಉಂಡೆ ಮೆತ್ತುವ, ದಾರದಂಥ ಸೊಂಟದ ಹುಳ. ಇದಕ್ಕೆ ಸಂಸಾರವಿದೆ, ಸೈನ್ಯವಿಲ್ಲ. ಒಂಟಿ ಹೆಣ್ಣು ಗೂಡು ಕಟ್ಟಿ, ಜೇಡಗಳನ್ನು ಚುಚ್ಚಿ ಮರಗಟ್ಟಿಸಿ ಒಳಗೆ ತುಂಬಿ, ಒಂದೇ ಮೊಟ್ಟೆಯಿಟ್ಟು ಬಾಯಿ ಮುಚ್ಚಿ ಹೋಗುತ್ತದೆ. ಹೊಸ ಗೂಡೊಂದನ್ನು ಒಡೆದರೆ ಹತ್ತಾರು ಜೇಡಗಳು ಒತ್ತೊತ್ತಾಗಿ ಬಿದ್ದಿರುತ್ತವೆ. ಸತ್ತಿಲ್ಲ, ಅಲುಗುವುದೂ ಇಲ್ಲ. ಹುಳ ಭೃಂಗವನ್ನೇ ಧ್ಯಾನಿಸುತ್ತ ತಾನೂ ಭೃಂಗವಾಯಿತು ಎಂಬ ಕೀಟಭೃಂಗ ನ್ಯಾಯ ಹುಟ್ಟಿದ್ದು ಇಂಥದೇ ಗೂಡು ನೋಡಿ. ವೇದಾಂತಕ್ಕೆ ಅದು ಚೆಂದ. ನಿಜದಲ್ಲಿ ಧ್ಯಾನಕ್ಕೆ ಕೂತ ಹುಳವೇ ಬೇರೆ, ಹೊರಬಂದ ಹುಳವೇ ಬೇರೆ. ಮೊದಲನೆಯದು ಎರಡನೆಯದರ ಊಟ. ಗೂಡು ಕಾಯಲು ಯಾರೂ ಇಲ್ಲದ್ದರಿಂದ ಇದು ಅಟ್ಟಿಸಿಕೊಂಡು ಬರುವುದಿಲ್ಲ, ಕೈಯಲ್ಲಿ ಹಿಸುಕಿದರಷ್ಟೇ ಚುಚ್ಚುತ್ತದೆ. ಬಳಸದ ಪ್ಲಗ್ಗಿನ ತೂತಿಗೆ ಟೇಪು, ಪೈಪಿನ ಬಾಯಿಗೆ ಸಣ್ಣ ಜಾಲರಿ ಹಾಕಿದರೆ ಇದರ ಕಾಟ ಮುಗಿಯಿತು.

ಎರಡನೆಯದು ಕಾಗದದ ಗೂಡಿನ ಸಣ್ಣ ಕಣಜ. ಕಿಟಕಿಯ ಮೇಲೋ ಮಾಡಿನ ಪಕಾಸಿಯ ಅಡಿಗೋ ಸಣ್ಣ ತೊಟ್ಟಿನಿಂದ ತೂಗುವ, ಮುಚ್ಚಳವಿಲ್ಲದ ಒಂದೇ ತಟ್ಟೆಯ ಗೂಡು. ಕೆಳಗಿನಿಂದ ನೋಡಿದರೆ ಆರು ಮೂಲೆಯ ಕೋಣೆಗಳು, ಒಳಗಿನ ಬಿಳಿ ಮರಿಗಳು ಎಲ್ಲ ಕಾಣುತ್ತವೆ. ತೊಟ್ಟಿಗೆ ಇರುವೆ ಹತ್ತದಂತೆ ಒಂದು ದ್ರವ ಸವರುವ ಜಾಣತನವೂ ಇದಕ್ಕಿದೆ. ಇವುಗಳಲ್ಲಿ ರೋಪಾಲಿಡಿಯಾ ಮಾರ್ಜಿನಾಟಾ ಎಂಬ ಕೆಂಗಂದು ಜಾತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ ದಶಕಗಳ ಕಾಲ ಅಭ್ಯಸಿಸಿದ್ದಾರೆ. ಆ ಗೂಡಿನ ರಾಣಿ ಜಗಳಗಂಟಿಯಲ್ಲ, ಬಲು ಸಾಧು. ಹೊರಗಿನಿಂದ ನೋಡಿದವರಿಗೆ ರಾಣಿ ಯಾರೆಂದೇ ಗೊತ್ತಾಗದು. ಗೂಡಿಗೆ ತಲೆ ತಾಗಿದರೆ ಚುಚ್ಚುತ್ತವೆ, ಉರಿಯುತ್ತದೆ. ತಲೆ ತಾಗದ ಎತ್ತರದಲ್ಲಿದ್ದರೆ ಬಿಡಬಹುದು. ಹಿತ್ತಿಲ ಬದನೆ, ಬೆಂಡೆಯ ಕಂಬಳಿಹುಳಗಳನ್ನು ಹೆಕ್ಕಿ ಒಯ್ಯುವುದು ಇವೇ.

ಇನ್ನು ನಿಜವಾದ ದೊಡ್ಡ ಕಣಜ. ನಮ್ಮ ಕಡೆ ಮನೆ ಸುತ್ತ ಕಾಣುವುದು ಮುಖ್ಯವಾಗಿ ಎರಡು. ಎರಡೂ ಒಂದಿಂಚಿನ ಆಸುಪಾಸು, ಎರಡೂ ಕಪ್ಪುಗಂದು, ಎರಡರ ಹೊಟ್ಟೆಗೂ ಹಳದಿಯೋ ಕಿತ್ತಳೆಯೋ ಪಟ್ಟಿ. ಗುಟ್ಟಿರುವುದು ಆ ಪಟ್ಟಿಯಲ್ಲಿ. ಸೊಂಟದಿಂದ ಹಿಂದಕ್ಕೆ ಎಣಿಸಿ. ಹೊಟ್ಟೆಯ ಮೊದಲ ಎರಡೂ ಉಂಗುರ ಹಳದಿಯಾಗಿದ್ದರೆ ವೆಸ್ಪಾ ಅಫಿನಿಸ್. ಮೊದಲನೆಯದು ಕಪ್ಪಾಗಿಯೇ ಉಳಿದು ಎರಡನೆಯದು ಮಾತ್ರ ಹಳದಿಯಾಗಿದ್ದರೆ ವೆಸ್ಪಾ ಟ್ರಾಪಿಕಾ. ಹಾರುವಾಗ ಎಣಿಸಲು ಹೋಗಬೇಡಿ. ಜಗಲಿಯ ದೀಪದ ಕೆಳಗೆ ಸತ್ತು ಬಿದ್ದದ್ದನ್ನು ಕಾಗದದ ಮೇಲೆ ತೆಗೆದುಕೊಂಡು ನೋಡಿ. ಬರಿಗೈಯಲ್ಲಿ ಬೇಡ, ಆಗಷ್ಟೇ ಸತ್ತದ್ದರ ಮುಳ್ಳೂ ಚುಚ್ಚಬಲ್ಲದು. 2019ರ ನಂತರ ಅಮೆರಿಕದ ಸುದ್ದಿಗಳಲ್ಲಿ ಮೆರೆದ ‘ಕೊಲೆಗಾರ ಕಣಜ’ ಇದಲ್ಲ. ಭಾರತದಲ್ಲಿ ಅದರ ನೆಲೆ ಹಿಮಾಲಯದ ಕಡೆಯದು. ಯಲ್ಲಾಪುರದ ಮಾವಿನ ಮರದಲ್ಲಿ ಅದನ್ನು ಕಂಡೆವೆನ್ನುವ ವಾಟ್ಸ್ಯಾಪ್ ಸಂದೇಶಗಳನ್ನು ಅಳಿಸಿಬಿಡಬಹುದು.

ಒಂದು ಉಂಗುರ ಹೆಚ್ಚೋ ಕಡಿಮೆಯೋ, ಏನೀಗ ಎಂದರೆ, ಸ್ವಭಾವ ಬದಲಾಗುತ್ತದೆ. ಟ್ರಾಪಿಕಾ ಮಾಡಿನ ಅಡಿಯಲ್ಲಿ ಮತ್ತೆ ಮತ್ತೆ ಸುತ್ತುವುದು ನಿಮ್ಮನ್ನು ಹುಡುಕಿಕೊಂಡಲ್ಲ, ಆ ಸಣ್ಣ ಕಣಜದ ಗೂಡನ್ನು ಹುಡುಕಿಕೊಂಡು. ಸಿಕ್ಕಿತೋ, ಮನೆಯವರೆಲ್ಲ ಗೂಡು ಬಿಟ್ಟು ಪಕ್ಕಕ್ಕೆ ನಿಲ್ಲುತ್ತಾರೆ, ಇದು ಕೋಣೆ ಕೋಣೆಗೂ ಹೋಗಿ ಮರಿಗಳನ್ನು ಎಳೆದು ತಿನ್ನುತ್ತದೆ. ಇದರ ಸ್ವಂತ ಗೂಡು ಸಾಮಾನ್ಯವಾಗಿ ಮರದ ಪೊಟರೆ, ನೆಲದ ಬಿಲ, ಗೋಡೆಯ ಪೊಳ್ಳಿನಂಥ ಮರೆಯಲ್ಲಿ. ಅಫಿನಿಸ್ ಹಾಗಲ್ಲ. ಮರದ ಕೊಂಬೆ, ಪೊದೆ, ಸಜ್ಜಾದ ಅಡಿ ಹೀಗೆ ಬಯಲಲ್ಲೇ ಕಟ್ಟುತ್ತದೆ. ಒಣಗಿದ ಬೇಲಿಗೂಟವನ್ನು ಹೆರೆದು ಎಂಜಲಲ್ಲಿ ಕಲಸಿದ ಕಾಗದವೇ ಸಾಮಗ್ರಿ. ಒಂದೊಂದು ಸಲ ಒಂದೊಂದು ಮರದ ಪುಡಿ ತಂದದ್ದರಿಂದ ಗೂಡಿನ ಮೈಮೇಲೆ ಬೂದು, ಕಂದು, ಬಿಳಿಯ ಅಲೆಗಳು ಮೂಡುತ್ತವೆ. ಒಳಗೆ ಅಂತಸ್ತಿನ ಮೇಲೆ ಅಂತಸ್ತು, ಸುತ್ತ ಕಾಗದದ ಗೋಡೆ. ಮಳೆ ಬಿಟ್ಟ ಮೇಲೆ, ದೀಪಾವಳಿ ಹೊತ್ತಿಗೆ, ಕುಂಬಳಕಾಯಿ ಗಾತ್ರಕ್ಕೂ ಬರುತ್ತದೆ. ಅದು ಬೆಟ್ಟದಲ್ಲಿ ಸೊಪ್ಪು ಕಡಿಯುವ, ಬೇಲಿ ಸವರುವ, ಅಡಿಕೆ ಕೊನೆ ಕೊಯ್ಯುವ ಕಾಲ. ಅಪಾಯ ಹುಟ್ಟುವುದು ಇಲ್ಲೇ. ಕಳೆ ಕತ್ತರಿಸುವ ಯಂತ್ರದ ನಡುಕ ಪೊದೆಗೆ ತಾಗಿದರೆ ಸಾಕು. ಅಡಿಕೆ ಮರದ ತುದಿಯಲ್ಲಿರುವ ಕೊನೆಗಾರನಿಗಂತೂ ಓಡಲು ನೆಲವೇ ಇಲ್ಲ. ಯಂತ್ರ ಚಾಲೂ ಮಾಡುವ ಮುಂಚೆ ಐದು ನಿಮಿಷ ದೂರ ನಿಂತು ನೋಡುವುದು ಒಳ್ಳೆಯದು. ಒಂದೇ ದಾರಿಯಲ್ಲಿ ನೇರ ಬಂದು ಒಂದೇ ಜಾಗದಲ್ಲಿ ಮರೆಯಾಗುವ ಹುಳಗಳು ಕಂಡರೆ ಗೂಡು ಅಲ್ಲಿದೆ.

ಕಾರವಾರದ ಕಡೆ ಮೀನು ಒಣಗಿಸುವಲ್ಲಿ, ಒಳನಾಡಿನಲ್ಲಿ ಕೊಳೆತ ಹಲಸು, ಗೇರುಹಣ್ಣಿನ ರಾಶಿಯ ಮೇಲೆ ಕಣಜ ಕೂತಿದ್ದರೆ ಅದು ಊಟಕ್ಕೆ ಬಂದದ್ದು. ಅಲ್ಲಿ ಅದಕ್ಕೆ ಕಾಯಲು ಏನೂ ಇಲ್ಲ, ಕೆರಳುವುದೂ ಕಡಿಮೆ. ರಾಶಿಯನ್ನು ಮಣ್ಣಿಗೆ ಹೂತರೆ ಬರುವುದು ನಿಲ್ಲುತ್ತದೆ. ತುಡುವೆ ಜೇನಿನ ಪೆಟ್ಟಿಗೆಯ ಬಾಗಿಲಲ್ಲಿ ಹೊಂಚು ಹಾಕುವುದು ಬೇರೆ ಕತೆ. ಜೇನು ಒಂದೊಂದಾಗಿ ಹೋಗುತ್ತಲೇ ಇರುತ್ತದೆ. ತುಡುವೆಯೂ ಸುಮ್ಮನಿರುವುದಿಲ್ಲ. ಕಣಜವನ್ನು ಮುತ್ತಿ ಉಂಡೆಕಟ್ಟಿ, ಮೈ ನಡುಗಿಸಿ, ಒಳಗಿನ ಕಾವನ್ನು 45 ಡಿಗ್ರಿ ದಾಟಿಸಿ ಬೇಯಿಸಿಬಿಡುತ್ತದೆ. ಆ ಕಾವು ಜೇನಿಗೆ ತಡೆಯುತ್ತದೆ, ಕಣಜಕ್ಕೆ ತಡೆಯುವುದಿಲ್ಲ. ಪೆಟ್ಟಿಗೆಯ ಬಾಗಿಲನ್ನು ಜೇನು ನುಸುಳುವಷ್ಟೇ ಕಿರಿದು ಮಾಡಿದರೆ ಜೇನಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಗೂಡು ತೆಗೆಯಲೇಬೇಕೆಂದರೆ ಗಾತ್ರ ನೋಡಿ ನಿರ್ಧಾರ. ನಿಂಬೆಹಣ್ಣಿನಷ್ಟಿದ್ದರೆ ಒಳಗಿರುವುದು ಸಾಮಾನ್ಯವಾಗಿ ಒಬ್ಬಳೇ ರಾಣಿ. ಅವಳು ಹೊರಹೋದದ್ದನ್ನು ನೋಡಿ ದೋಟಿಯಿಂದ ಕೆಡವಿದರೆ ಆಯಿತು. ತೆಂಗಿನಕಾಯಿ ದಾಟಿದ್ದು ಮನೆಯವರ ಕೆಲಸವಲ್ಲ, ಪಳಗಿದವರನ್ನು ಕರೆಯಬೇಕು. ಜನ ಓಡಾಡದ ಮರದ ಮೇಲೆ ಇಪ್ಪತ್ತಡಿ ಎತ್ತರದಲ್ಲಿದ್ದರೆ ಯಾರನ್ನೂ ಕರೆಯುವುದು ಬೇಡ. ಕೆಲಸ ಕೆಡುವುದು ಹೆಚ್ಚಾಗಿ ನಾಲ್ಕು ತಪ್ಪಿನಿಂದ. ಹಗಲಲ್ಲಿ ಹೋಗುವುದು: ಅರ್ಧ ಸೈನ್ಯ ಹೊರಗಿದ್ದು ಹಿಂದಿನಿಂದ ಬರುತ್ತದೆ. ಹೊಗೆ ಹಾಕುವುದು: ಜೇನು ಹೊಗೆಗೆ ತುಪ್ಪ ಹೀರಿ ಮೆತ್ತಗಾಗುತ್ತದೆ, ಕಣಜದ ಬಳಿ ತುಪ್ಪವಿಲ್ಲ, ಅದಕ್ಕೆ ಬರುವುದು ಸಿಟ್ಟು ಮಾತ್ರ. ಬಿಳಿ ಟಾರ್ಚನ್ನು ಹಣೆಗೆ ಕಟ್ಟಿಕೊಳ್ಳುವುದು: ಎದ್ದದ್ದೆಲ್ಲ ಬೆಳಕಿಗೆ, ಅಂದರೆ ಮುಖಕ್ಕೇ ಬರುತ್ತದೆ, ಕೆಂಪು ಕಾಗದ ಮುಚ್ಚಿದ ಬೆಳಕು ಅವಕ್ಕೆ ಅಷ್ಟಾಗಿ ಕಾಣದು. ಇನ್ನು ಸೂಡಿ. ಉರಿಯುವ ಗೂಡು ಕಳಚಿ ಬೀಳುವುದು ಪಕಾಸಿಯ ಮೇಲೆ, ಕೊಟ್ಟಿಗೆಯ ಒಣ ಎಲೆಯ ದರಕಿನ ಮೇಲೆ. ಕಣಜಕ್ಕಾಗಿ ಕೊಟ್ಟಿಗೆ ಸುಡುವುದು ಯಾವ ಲೆಕ್ಕ?

ಜೇನಿನ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ, ಕಣಜದ್ದು ಉಳಿಯದು. ಹಾಗಾಗಿ ಒಂದೇ ಕಣಜ ಹತ್ತು ಸಲ ಚುಚ್ಚೀತು. ಗೂಡಿನ ಬಳಿ ಒಂದನ್ನು ಬಡಿದು ಕೊಂದರೆ ಅದರ ವಿಷದ ವಾಸನೆಯೇ ಉಳಿದವಕ್ಕೆ ಕರೆ. ಕೈ ಬೀಸದೆ ನೇರ ಓಡಿ ಬಾಗಿಲು ಹಾಕಿಕೊಳ್ಳಬೇಕು. ಊತ ಏರುವ ಮುಂಚೆ ಉಂಗುರ, ಬಳೆ ತೆಗೆಯಿರಿ, ಸೋಪು ಹಾಕಿ ತೊಳೆಯಿರಿ, ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿಡಿ. ಸುಣ್ಣ ಹಚ್ಚುವುದು ರೂಢಿ, ಆದರೆ ವಿಷ ಒಳಗಿದೆ, ಸುಣ್ಣ ಹೊರಗೆ ಚರ್ಮ ಸುಡುತ್ತದೆ. ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ಮೈಯೆಲ್ಲ ದದ್ದು ಎದ್ದರೆ, ತಲೆ ಸುತ್ತಿದರೆ ಒಂದೇ ಚುಚ್ಚಾದರೂ 108ಕ್ಕೆ ಫೋನು. ಅಲ್ಲಿ ಬೇಕಾದದ್ದು ಅಡ್ರಿನಾಲಿನ್ ಇಂಜೆಕ್ಷನ್. ಹತ್ತಾರು ಕಡೆ ಚುಚ್ಚಿದ್ದರೆ ಆರಾಮಾಗಿ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಒಂದೆರಡು ದಿನ ತಡವಾಗಿ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದಾಗ ಗೊತ್ತಾಗುತ್ತದೆ.

ಖಾಲಿಯಾದ ಗೂಡಿಗೆ ಕಣಜ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ತೆಗೆದು ಜಗಲಿಯಲ್ಲಿ ತೂಗಿಸುವ ಆಸೆಯಿದ್ದರೆ ಎರಡು ಮೂರು ದಿನ ದೂರದಿಂದ ನೋಡಿ, ಯಾವುದೂ ಒಳಹೊರಗೆ ಮಾಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ದೋಟಿಯಿಂದ ತಟ್ಟಿ ನೋಡಿ. ಸಾಮಾನ್ಯವಾಗಿ ಹೊರಬರುವುದು ಒಂದು ಹಲ್ಲಿ.